ಅಜ್ಜಿಯ ಎರಡು ಅಡ್ಡಹೆಸರು

ಮಗಳ ಬಾಣಂತನಕ್ಕಂತ ಅಮೇರಿಕಾದ ಕ್ಲೀವ್‌ಲ್ಯಾಂಡಿಗೆ ಹೋಗಿ ಆರು ತಿಂಗಳ ಇದ್ದು ಬಂದೆ. ಬಂದ ಮ್ಯಾಲೆ ಎಲ್ಲಾರೂ ಕೇಳಿದ್ದು ಒಂದ, ನಯಾಗರಾ ನೋಡಿದ್ರ್ಯಾ ಅಂತ. ನೋಡಿದೆ, ನೀರು ಭಾಳ ಅದ. ಆದ್ರ ನಾ ಹೇಳಬೇಕಂತ ಕೂತಿದ್ದು ಬ್ಯಾರೆ ಸುದ್ದಿ.

ಕೂಸಿಗೆ ಹೆಸರಿಡೋ ದಿವಸ ಬಾಜೂ ಮನಿ ಅಕ್ಕಾರನ್ನ ಕರದಿದ್ವಿ. ಅವರು ಯಹೂದಿ ಮಂದಿ. ವಯಸ್ಸು ಎಪ್ಪತ್ತು ದಾಟೇದ, ಒಬ್ಬರ ಇರ್ತಾರ. "ಯಾರ ಹೆಸರು ಇಟ್ರಿ?" ಅಂದ್ರು. "ನಮ್ಮ ಆಯಿದು" ಅಂದೆ. ಅವರ ಮುಖಾ ಅರಳ್ತು. ಪೂರ್ವ ಯುರೋಪಿನ ಯಹೂದಿಗಳಿಗೆ ಅಶ್ಕೆನಾಝಿ ಅಂತಾರ, ಅವರಲ್ಲೂ ತೀರಿಕೊಂಡ ಹಿರಿಯರ ಹೆಸರನ್ನ ಕೂಸಿಗೆ ಇಡೋ ರೂಢಿ. ಬದುಕಿದ್ದವರದು ಇಡಂಗಿಲ್ಲ. ಸ್ಪೇನ್ ಕಡಿಯಿಂದ ಚದರಿ ಹೋದ ಸೆಫಾರ್ದಿ ಮಂದಿಯೊಳಗ ಮಾತ್ರ ಬದುಕಿದ್ದ ಅಜ್ಜ-ಅಜ್ಜಿ ಹೆಸರೂ ಇಡ್ತಾರಂತ. ಹಿಂಗಾಗಿ ಒಂದು ಕೂಸಿನ ಹೆಸರು ನೋಡಿ, ಆ ಹೆಸರಿನ ಹಿರಿಯರು ಯಾವಾಗ ತೀರಿಕೊಂಡಿರಬಹುದು ಅಂತ ಅಂದಾಜು ಹಚ್ಚತಾರ.

"ಅದು ನಿಮ್ಮ ಆಯಿ ಹುಟ್ಟಿದಾಗಿನ ಹೆಸರೇನು?" ಅಂತ ಅವರು ಮತ್ತ ಕೇಳಿದ್ರು. ನಾ ಸುಮ್ಮ ಆದೆ. ಅದು ಲಗ್ನದಾಗ ಗಂಡನ ಮನಿಯವರು ಅಕ್ಕಿಯೊಳಗ ಬರದ ಹೆಸರು. ತವರಮನಿ ಹೆಸರು ನನಗ ಗೊತ್ತ ಇರಲಿಲ್ಲ. ಐವತ್ತು ದಾಟಿದ ಹೆಂಗಸು ನಾನು, ಒಂದ ದಿನಾನೂ ಕೇಳಿರಲಿಲ್ಲ.

ಅಕ್ಕಾರು ನಕ್ಕು, "ರವಿವಾರ ನನ್ನ ಜೋಡಿ ಬರ್ರಿ" ಅಂದ್ರು. ಆ ಊರಾಗ ಯಹೂದಿ ಮನಿತನಗಳ ವಂಶಾವಳಿ ಹುಡುಕೋ ಸಂಘ ಅದ. ದೊಡ್ಡ ಆಫೀಸು ಇದ್ದೀತು ಅಂತ ನಾ ಅನ್ಕೊಂಡಿದ್ದೆ. ನೋಡಿದ್ರ ನಮ್ಮ ಮಹಿಳಾ ಮಂಡಳದಂಗ, ಮಡಚೋ ಕುರ್ಚಿ, ಚಹಾ, ಬಿಸ್ಕೀಟು, ಕೂದಲ ಬೆಳ್ಳಗಾದ ಮಂದಿ. ಇಂಥ ಸಂಘಗಳು ಅಮೇರಿಕಾದಾಗ ಭಾಳ ಹಳೇವಲ್ಲ. ನ್ಯೂಯಾರ್ಕಿನ ಸಂಘ ಶುರು ಆದದ್ದ 1977ರಾಗ. ಈಗ ಊರೂರಿಗೂ ಅವ.

ಕ್ಲೀವ್‌ಲ್ಯಾಂಡಿನವರಿಗೆ ಒಂದು ಹೆಮ್ಮೆ ಅದ. 1839ರಾಗ ಜರ್ಮನಿಯ ಬವೇರಿಯಾದ ಊನ್ಸ್‌ಲೇಬನ್ ಅನ್ನೋ ಹಳ್ಳಿಯಿಂದ ಒಂದು ಗುಂಪು ಈ ಊರಿಗೆ ಹೊಂಟಿತು. ಹೊಂಡೋ ಮುಂದ ಆ ಹಳ್ಳಿ ಮಾಸ್ತರ ಲಾಜರಸ್ ಕೋನ್ ಅವರ ಕೈಯಾಗ ಒಂದು ಪತ್ರ ಕೊಟ್ಟ. ಸ್ವತಂತ್ರ ದೇಶಕ್ಕ ಹೊಂಟೀರಿ, ಧರ್ಮಾ ಮರೀಬ್ಯಾಡ್ರಿ ಅನ್ನೋ ಬುದ್ಧಿಮಾತು, ಜೋಡಿ ಹೊಂಟವರ ಹೆಸರು, ಹಳ್ಳಿಯೊಳಗ ಉಳಿದವರ ಹೆಸರು. ಗುಂಪಿನ ಹಿರಿಯ ಮೋಸಸ್ ಆಲ್ಸ್‌ಬಾಖರ್ ಹೆಸರಿನಿಂದ ಅದನ್ನ ಆಲ್ಸ್‌ಬಾಖರ್ ಪತ್ರ ಅಂತಾರ. ಮಗಳನ್ನ ಕಳಿಸೋ ಮುಂದ ನಾವು ಉಪ್ಪಿನಕಾಯಿ ಡಬ್ಬಿ ಕಟ್ಟತೀವಿ, ಆ ಮಾಸ್ತರ ಊರಿನ ಹೆಸರನ್ನ ಕಟ್ಟಿ ಕೊಟ್ಟಾನ.

ಆದ್ರ ಎಲ್ಲಾರ ಮನಿಗೂ ಅಂಥ ಮಾಸ್ತರ ಸಿಗಂಗಿಲ್ಲ. ಯಹೂದಿಗಳಿಗೆ ಮೊದಲ ಅಡ್ಡಹೆಸರ ಇರಲಿಲ್ಲ, ಇಂಥವನ ಮಗ ಇಂಥವ ಅಂತಿದ್ರು. ಆಸ್ಟ್ರಿಯಾದ ಬಾದಶಹಾ 1787ರಾಗ, ರಷಿಯಾದವ 1804ರಾಗ ಅಡ್ಡಹೆಸರು ಇಟಗೋಬೇಕು ಅಂತ ಕಾಯ್ದೆ ಮಾಡಿದ್ರು. ಆ ಹೆಸರುಗಳನ್ನ ಒಬ್ಬೊಬ್ಬ ಕಾರಕೂನ ಒಂದೊಂದು ಥರಾ ಬರದಾನ. ಮೊಸ್ಕೊವಿಟ್ಸ್ ಅಂತ ಉಚ್ಚಾರ ಮಾಡೋ ಹೆಸರಿಗೆ ಇಂಗ್ಲೀಷಿನ್ಯಾಗ ಒಬ್ಬ 'ಡಬ್ಲ್ಯೂ' ಹಾಕ್ಯಾನ, ಇನ್ನೊಬ್ಬ 'ವ್ಹಿ' ಹಾಕ್ಯಾನ. ಅಷ್ಟಕ್ಕ ಹಳೇ ಪದ್ಧತಿಯೊಳಗ ಅವು ಎರಡು ಬ್ಯಾರೆ ಮನಿತನ ಆಗಿಬಿಡತಿದ್ವು. 1985ರಾಗ ಡೈಚ್ ಮತ್ತ ಮೊಕೊಟಾಫ್ ಅನ್ನೋ ಇಬ್ಬರು ಧ್ವನಿ ಮ್ಯಾಲೆ ಅಂಕಿ ಹಚ್ಚೋ ಹೊಸಾ ಪದ್ಧತಿ ಮಾಡಿದ್ರು, ಅದರಾಗ ಇವೆರಡೂ ಒಂದ ಅಂಕಿಗೆ ಬರತಾವ. ಎಲ್ಲಿಸ್ ಐಲ್ಯಾಂಡಿನ್ಯಾಗ ಸಾಹೇಬರು ಹೆಸರು ಬದಲಿಸಿದ್ರು ಅಂತ ಎಲ್ಲಾ ಮನಿಯೊಳಗೂ ಒಂದು ಕತಿ ಇರತದಂತ. ಅದು ಸುಳ್ಳು. ಹಡಗು ಹತ್ತೋ ಬಂದರದಾಗ ಬರದ ಪಟ್ಟಿ ಇಟಗೊಂಡ ಅವರು ತಪಾಸಣೆ ಮಾಡತಿದ್ರು. ಹೆಸರು ಬದಲಿಸಿಕೊಂಡವರು ಇಳಿದ ಮ್ಯಾಲೆ ತಾವ ಬದಲಿಸಿಕೊಂಡಾರ.

ಈಗ ಅಕ್ಕಾರ ಅಜ್ಜಿ ವಿಷಯಕ್ಕ ಬರ್ತೀನಿ. ಆಕಿ ಗಲೀಶಿಯಾದ ಕೊಲೊಮಿಯಾ ಊರಿನಾಕಿ, ಮೊದಲನೇ ಮಹಾಯುದ್ಧಕ್ಕ ಮುಂಚೆ ಒಬ್ಬಾಕಿನ ಬಂದಾಳ. ಆ ಊರು ಆವಾಗ ಆಸ್ಟ್ರಿಯಾದ್ದು, ಆಮ್ಯಾಲೆ ಪೋಲಂಡಿಂದು, ಆಮ್ಯಾಲೆ ಸೋವಿಯತ್ತಿಂದು, ಈಗ ಯುಕ್ರೇನದ್ದು. ಊರು ಇದ್ದಲ್ಲೇ ಅದ, ರಾಜ್ಯ ಓಡಾಡ್ಯಾವ. ಹಡಗಿನ ಪಟ್ಟಿಯೊಳಗ ಅಜ್ಜಿದು ಒಂದು ಅಡ್ಡಹೆಸರು. ಕ್ಲೀವ್‌ಲ್ಯಾಂಡಿನ ಲಗ್ನದ ಕಾಗದದಾಗ ಇನ್ನೊಂದು. ಪೌರತ್ವದ ಕಾಗದ ತಗೀಬೇಕಂದ್ರ ಅಜ್ಜಿ ಹೆಸರಲೆ ಇಲ್ಲ. 1922ರ ತನಕ ಗಂಡ ನಾಗರಿಕ ಆದ್ರ ಹೆಂಡತಿನೂ ತಾನಾಗೇ ಆಗತಿದ್ಲು, ಆಕೀಗೆ ಬ್ಯಾರೆ ಕಾಗದ ಯಾಕ ಅಂತ.

ಅಕ್ಕಾರ ತಾಯಿ ಈ ಎರಡು ಹೆಸರಿನ ಮಾತು ಬಂದ್ರ ಸಾಕು, ಎದ್ದು ಒಳಗ ಹೋಗತಿದ್ರಂತ. ಅಕ್ಕಾರು ಎರಡು ವರ್ಷದ ಹಿಂದ ಅಜ್ಜಿ ಜನ್ಮದ ದಾಖಲೆ ತರಿಸಿದ್ರು. ಗಲೀಶಿಯಾದ ಯಹೂದಿಗಳ ಹುಟ್ಟು-ಸಾವಿನ ಹಳೇ ಪುಸ್ತಕ ಭಾಳಷ್ಟು ಈಗ ಪೋಲಂಡಿನ ವಾರ್ಸಾ ದಫ್ತರಖಾನಿಯೊಳಗ ಅವ. ಅವುಗಳ ಹೆಸರಿನ ಯಾದಿಯನ್ನ ಇಂಥ ಸಂಘದ ಮಂದೀನ ಪುಕ್ಕಟ ಕೂತು ತಯಾರು ಮಾಡ್ಯಾರ. ದಾಖಲೆ ಬಂತು. ಅದರಾಗ ಅಜ್ಜಿ ಹೆಸರಿನ ಮುಂದ, ಲಗ್ನ ಇಲ್ಲದ ಹುಟ್ಟಿದ ಕೂಸು ಅಂತ ಬರದಿತ್ತು. ಅಕ್ಕಾರು ಅದನ್ನ ಕಪಾಟಿನ್ಯಾಗ ಬಟ್ಟಿ ಬುಡಕ ಇಟ್ಟು ಬಿಟ್ಟಿದ್ರು. ಮಕ್ಕಳಿಗೂ ತೋರಿಸಿರಲಿಲ್ಲ. ಆ ರವಿವಾರ ಪರ್ಸಿನ್ಯಾಗ ತಂದಿದ್ರು. ನನ್ನ ಯಾಕ ಜೋಡಿ ಕರಕೊಂಡು ಬಂದ್ರು ಅನ್ನೋದು ಆವಾಗ ತಿಳೀತು, ಒಬ್ಬರ ಬರಲಿಕ್ಕೆ ಧೈರ್ಯ ಇರಲಿಲ್ಲ.

ಸಂಘದಾಗ ಹಳೇ ಜರ್ಮನ್ ಕೈಬರಹ ಓದೋ ಹಿರಿಯರೊಬ್ಬರು ಇದ್ರು. ಕಾಗದ ನೋಡಿ ಅವರು ನಗಲಿಕ್ಕೆ ಹತ್ತಿದ್ರು. ನನಗ ಸಿಟ್ಟು ಬಂತು, ಹೆಣ್ಣಿನ ಮಾನದ ಮಾತಿನ್ಯಾಗ ನಗೂದೇನು ಅಂತ. ಅವರಂದ್ರು, "ನಮ್ಮಜ್ಜನೂ ಹಿಂಗ, ಅರ್ಧಾ ಗಲೀಶಿಯಾನ ಹಿಂಗ." ಸಂಗತಿ ಏನಂದ್ರ, ಆಸ್ಟ್ರಿಯಾ ಸರಕಾರ ಯಹೂದಿ ಲಗ್ನಕ್ಕ ಮೊದಮೊದಲಿಗೆ ತೆರಿಗಿ ಹಾಕಿತ್ತು, ಪರವಾನಗಿ ಬೇಕಿತ್ತು, ಜರ್ಮನ್ ಭಾಷಾದಾಗ ಪರೀಕ್ಷಾ ಬ್ಯಾರೆ. ಬಡವರು ಗುರುಗಳ ಮುಂದ ಮಂಟಪದ ಬುಡಕ ಧರ್ಮದ ಲಗ್ನ ಮಾಡಿಕೊಂಡು ಸುಮ್ಮ ಆಗತಿದ್ರು. ಆ ತೆರಿಗಿ ಹೋದ ಮ್ಯಾಲೂ ರೂಢಿ ಹಂಗ ಉಳೀತು. ಊರಿನ ಕಣ್ಣಾಗ ಅವರು ಗಂಡ-ಹೆಂಡತಿ, ಸರಕಾರದ ಕಣ್ಣಾಗ ಅಲ್ಲ. ಹುಟ್ಟಿದ ಮಕ್ಕಳಿಗೆ ತಾಯಿ ಅಡ್ಡಹೆಸರು. ಅಜ್ಜಿ ಆ ಹೆಸರಲೆ ಹಡಗು ಹತ್ಯಾಳ, ಇಲ್ಲಿ ಬಂದ ಮ್ಯಾಲೆ ಅಪ್ಪನ ಹೆಸರು ಹಚಗೊಂಡಾಳ.

ಕಾಗದದ ಕಟ್ಟಕಡೀ ಅಂಕಣದಾಗ ಸಣ್ಣ ಅಕ್ಷರದ ಎರಡು ಸಾಲು ಇದ್ವು, ಅಕ್ಕಾರಿಗೆ ಓದಲಿಕ್ಕೆ ಬಂದಿರಲಿಲ್ಲ. ಹಿರಿಯರು ಭೂತಗನ್ನಡಿ ಹಿಡಿದು ಓದಿದ್ರು. ಅಪ್ಪ ತಾನ ಬಂದು, ಇಬ್ಬರು ಸಾಕ್ಷಿ ಮುಂದ, ಇದು ನನ್ನ ಮಗಳು ಅಂತ ಸಹಿ ಮಾಡಿದ್ದ. ಅಕ್ಕಾರು ಕನ್ನಡಕ ತಗದು ಮಡಿಲಾಗ ಇಟಗೊಂಡು ಭಾಳ ಹೊತ್ತು ಕೂತ್ರು. ಆಮ್ಯಾಲೆ ಅಂದದ್ದು, "ನಮ್ಮವ್ವ ಇದು ಗೊತ್ತಾಗದ ಸತ್ತಳು."

ಮರುವಾರ ಅಳಿಯ ನಮ್ಮಿಬ್ಬರನ್ನೂ ಸ್ಮಶಾನಕ್ಕ ಬಿಟ್ಟು ಬಂದ. ಅಜ್ಜಿ ಕಲ್ಲಿನ ಮ್ಯಾಲೆ ಇಂಗ್ಲೀಷಿನ್ಯಾಗ ಗಂಡನ ಅಡ್ಡಹೆಸರು ಅಷ್ಟ ಅದ. ಹಿಬ್ರೂ ಸಾಲಿನ್ಯಾಗ ಇಂಥವನ ಮಗಳು ಅಂತ ಅದ, ಯಹೂದಿ ಕಲ್ಲುಗಳ ಮ್ಯಾಲೆ ಅಪ್ಪನ ಹೆಸರು ಹಾಕತಾರ. ಸಹಿ ಮಾಡಿದವನ ಹೆಸರ ಅದು. ಇಷ್ಟು ವರ್ಷ ಅಲ್ಲೇ ಇತ್ತು, ಹಿಬ್ರೂ ಬಾರದ್ದಕ್ಕ ಯಾರೂ ಓದಿರಲಿಲ್ಲ. ಹೂವು ಇಡೋ ಪದ್ಧತಿ ಅವರೊಳಗಿಲ್ಲ, ಸಣ್ಣ ಕಲ್ಲು ಇಡ್ತಾರ. ನಾನೂ ಒಂದು ಇಟ್ಟೆ.

ತಾಯಿ ಅಡ್ಡಹೆಸರು ಖಾತ್ರಿ ಆದ ಮ್ಯಾಲೆ ಇನ್ನೊಂದು ಬಾಗಲಾ ತಗೀತು. ಯೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆಯವರು 1950ರ ದಶಕದಿಂದ, ಹಿಟ್ಲರನ ಕಾಲಕ್ಕ ಸತ್ತವರ ಹೆಸರು ಕೂಡಿಸ್ಯಾರ. ಗೊತ್ತಿದ್ದವರು ಒಬ್ಬೊಬ್ಬರಿಗೆ ಒಂದೊಂದು ಹಾಳಿ ತುಂಬಿ ಕೊಡಬೇಕು: ಅಪ್ಪ, ಅವ್ವ, ಗಂಡ, ಊರು. 2004ರಿಂದ ಅದನ್ನ ಕಂಪ್ಯೂಟರಿನ್ಯಾಗ ಹುಡುಕಬಹುದು. ಕೊಲೊಮಿಯಾದಾಗ ಆ ಅಡ್ಡಹೆಸರಿಗೆ ಒಂದು ಹಾಳಿ ಸಿಕ್ತು. ಅಜ್ಜಿಯ ತಂಗಿ! ಅಜ್ಜಿಗೆ ತಂಗಿ ಇದ್ಲು ಅನ್ನೋದ ಈ ಮನಿಯೊಳಗ ಯಾರಿಗೂ ಗೊತ್ತಿರಲಿಲ್ಲ. ಆ ಊರಿನ ಯಹೂದಿಗಳನ್ನ 1942ರಾಗ ರೈಲಿನ್ಯಾಗ ತುಂಬಿ ಬೆಲ್ಜೆಕ್ ಅನ್ನೋ ಕಡೆ ಒಯ್ದು ಕೊಂದ್ರು. ಹಾಳಿ ತುಂಬಿದಾಕಿ ಸತ್ತಾಕಿ ಮಗಳು, ಹೈಫಾದ ವಿಳಾಸ. ಅಕ್ಕಾರು ಆ ವಿಳಾಸಕ್ಕ ಪತ್ರ ಹಾಕ್ಯಾರ. ನಾ ಹೊಂಡೋ ತನಕ ಉತ್ತರ ಬಂದಿರಲಿಲ್ಲ.

ಈಗ ನಮ್ಮ ಮಾತು. ನಾ ಸಣ್ಣಾಕಿ ಇದ್ದಾಗ ಸುಗ್ಗಿ ಮುಗದ ಮ್ಯಾಲೆ ಎತ್ತಿನ ಮ್ಯಾಲೆ ಕೂತು ಗಂಟಿ ಬಾರಿಸಿಕೊಂತ ಹೆಳವ ಬರತಿದ್ದ. ಕಟ್ಟಿ ಮ್ಯಾಲೆ ಕೂತು ಮುತ್ಯಾನ ಮುತ್ಯಾನ ಹೆಸರು ಹೇಳತಿದ್ದ, ಅವ್ವ ಮರದ ತುಂಬ ಜ್ವಾಳಾ ಕೊಡತಿದ್ಲು. ಗಂಡಸರ ಹೆಸರು ಸರಪಳಿಯಂಗ ಬರತಿದ್ವು. ನಮ್ಮ ಆಯಿಯ ತವರಮನಿ ಹೆಸರು ಆತ ಅಂದದ್ದು ನನಗ ನೆನಪಿಲ್ಲ.

ಊರಿಗೆ ಬಂದಾಕಿನ ನವಲಗುಂದದ ಅತ್ತಿಗೆ ಫೋನ್ ಹಚ್ಚಿದೆ, ಅವರಿಗೀಗ ಎಂಬತ್ತೆಂಟು. "ಗಂಗವ್ವನೋ ಗೌರವ್ವನೋ ಅಂತಿದ್ರವಾ, ಅವರ ಅಣ್ಣ ಬಂದಾಗ ಒಮ್ಮೆ ಕರದದ್ದು ಕೇಳೇನಿ" ಅಂದ್ರು. ಆಯಿ ತವರಮನಿ ರೋಣದ ಹತ್ತರ. ನಿಮ್ಮೊಳಗ ಆ ಕಡಿಯವರು ಇದ್ರ, ಇಲ್ಲಾ ನಿಮ್ಮ ಅವ್ವ-ಆಯಿ ಯಾರರೆ ಆಕಿನ್ನ ಸಣ್ಣಾಕಿ ಇದ್ದಾಗ ನೋಡಿದ್ರ, ಕೇಳಿ ಫೋನ್ ಮಾಡ್ರಿ. ಅತ್ತಿ ಕಿವಿ ಸೂಕ್ಷ್ಮ ಇರೋ ತನಕ ಕೇಳಿ ಖಾತ್ರಿ ಮಾಡಿಕೋತೀನಿ.