ಕೊಳ್ಳೇಗಾಲ, ಹನೂರು, ಯಳಂದೂರು: ಕಾಲೇಜುಗಳಲ್ಲಿ ಆನ್‌ಲೈನ್ ಕೋರ್ಸ್‌ಗೆ ಯೋಜನೆ ಮತ್ತು ಬೆಂಬಲ

ಚಾಮರಾಜನಗರ ಜಿಲ್ಲೆಗೆ ದೂರದಿಂದ ಬರುವ ಪಾಠ ಹೊಸದೇನಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿಸುವ ಪ್ರಯೋಗಕ್ಕೆ ರಾಜ್ಯದಲ್ಲಿ ಆಯ್ಕೆಯಾದದ್ದು ಇದೇ ಜಿಲ್ಲೆ. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಪಾಠ ಆಕಾಶದಿಂದ ಬಂದರೂ ಅದನ್ನು ಬಿಡಿಸಿ ಹೇಳಲು ಪಕ್ಕದಲ್ಲೊಬ್ಬರು ಶಿಕ್ಷಕರು ಬೇಕು. ಕಾಲೇಜುಗಳಿಗೂ ಈ ಮಾತು ಅನ್ವಯಿಸುತ್ತದೆ.

2017ರ ಜುಲೈ 9ರಂದು ಕೇಂದ್ರ ಸರಕಾರ ‘ಸ್ವಯಂ’ ವೇದಿಕೆಯನ್ನು ಉದ್ಘಾಟಿಸಿತು. ಇದರಲ್ಲಿ ವೀಡಿಯೊ ಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ ಮತ್ತು ಸಂದೇಹ ಕೇಳುವ ಚರ್ಚಾ ವಿಭಾಗ ಎಂಬ ನಾಲ್ಕು ಭಾಗಗಳಿವೆ. ಕಲಿಕೆಗೆ ನೋಂದಣಿ ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ನಿಗದಿತ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಕೋರ್ಸ್‌ಗಳನ್ನು ಹೀಗೆ ಕಲಿತು ಕ್ರೆಡಿಟ್ ಪಡೆಯಲು ಅವಕಾಶವಿದೆ.

ಯೋಜನೆ ಸೆಮಿಸ್ಟರ್ ಆರಂಭಕ್ಕೆ ಮೊದಲೇ ಆಗಬೇಕು. ಯಾವ ಕೋರ್ಸ್‌ಗೆ ಕ್ರೆಡಿಟ್ ಸಿಗುತ್ತದೆ ಎಂಬುದನ್ನು ವಿಶ್ವವಿದ್ಯಾನಿಲಯದಿಂದ ಖಚಿತಪಡಿಸಿಕೊಳ್ಳದೆ ವಿದ್ಯಾರ್ಥಿಗಳನ್ನು ಸೇರಿಸಿದರೆ ಅವರ ಶ್ರಮ ವ್ಯರ್ಥವಾದೀತು. ಪ್ರತಿ ಕೋರ್ಸ್‌ಗೂ ಮಾರ್ಗದರ್ಶಕ ಅಧ್ಯಾಪಕರನ್ನು ನೇಮಿಸಿ, ಕಂಪ್ಯೂಟರ್, ಗ್ರಂಥಾಲಯ, ಪ್ರಯೋಗಾಲಯಗಳನ್ನು ಉಚಿತವಾಗಿ ಒದಗಿಸುವುದು ಕಾಲೇಜಿನ ಹೊಣೆ. ಇದು ಕಾಲೇಜು ಮಾಡುವ ಉಪಕಾರವಲ್ಲ, ವಿದ್ಯಾರ್ಥಿಯ ಹಕ್ಕು ಎಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ.

ಈ ಮೂರು ತಾಲೂಕುಗಳಲ್ಲಿ ಬೆಂಬಲದ ಅಗತ್ಯ ಇನ್ನೂ ಹೆಚ್ಚು. ಮಲೆ ಮಹದೇಶ್ವರ ಬೆಟ್ಟ ಕೊಳ್ಳೇಗಾಲದಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ. ಅಲ್ಲಿಯೂ ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕಾಡಿನ ನಡುವೆ ಸೋಲಿಗರ ಪೋಡುಗಳಿವೆ. ನೆಟ್‌ವರ್ಕ್ ಸಿಗದ ಊರಿನ ವಿದ್ಯಾರ್ಥಿಗೆ ಮನೆಯಲ್ಲೇ ವೀಡಿಯೊ ನೋಡು ಎಂದರೆ ಪ್ರಯೋಜನವಿಲ್ಲ. ಆದುದರಿಂದ ವೇಳಾಪಟ್ಟಿಯಲ್ಲೇ ಕಂಪ್ಯೂಟರ್ ಕೊಠಡಿಗೆ ಸಮಯ ಮೀಸಲಿಡಬೇಕು. ಬಸ್ಸಿನ ಸಮಯ ನೋಡಿಕೊಂಡೇ ಅದನ್ನು ಗೊತ್ತುಪಡಿಸಬೇಕು. ಇಂಗ್ಲಿಷ್ ಪಾಠದ ಸಾರವನ್ನು ಅಧ್ಯಾಪಕರು ವಾರಕ್ಕೊಮ್ಮೆ ಕನ್ನಡದಲ್ಲಿ ವಿವರಿಸಿದರೆ ಅರ್ಧದಲ್ಲೇ ಬಿಡುವವರು ಕಡಿಮೆಯಾದಾರು. ಮನೆಗೆಲಸದ ಉತ್ತರಗಳನ್ನು ಕೊನೆಯ ದಿನಕ್ಕೆ ಕಾಯದೆ ಸಲ್ಲಿಸಲು ನೆನಪಿಸಬೇಕು. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಪ್ರಯಾಣದ ಖರ್ಚನ್ನು ಮೊದಲೇ ತಿಳಿಸಬೇಕು.

ಧರ್ಮಕೇಂದ್ರಗಳೂ ಇದರಲ್ಲಿ ನೆರವಾಗಬಹುದು. ಇಂಟರ್‌ನೆಟ್ ಇರುವ ಸಭಾಂಗಣವನ್ನು ಸಂಜೆ ಒಂದೆರಡು ಗಂಟೆ ಎಲ್ಲ ಸಮುದಾಯದ ವಿದ್ಯಾರ್ಥಿಗಳಿಗೂ ತೆರೆದಿಟ್ಟರೆ ಸಾಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ಅದೇ ದೊಡ್ಡ ಆಸರೆ.