ಬಾಣಂತನ

ಹೆರಿಗೆಯ ನಂತರ ತಾಯಿಯ ಮೈ ಚೇತರಿಸಿಕೊಳ್ಳುವ, ಹಸುಗೂಸಿನ ಆರೈಕೆ ಕೈಗೆ ಹತ್ತುವ ಅವಧಿ. ವೈದ್ಯರ ಲೆಕ್ಕದಲ್ಲಿ 6 ವಾರ. ಕರ್ನಾಟಕದ ಮನೆಗಳಲ್ಲಿ ಹಲವು ತಿಂಗಳು, ಹೆಚ್ಚಾಗಿ ತವರಿನಲ್ಲಿ. ಎಣ್ಣೆ ನೀವಿ, ಹಂಡೆಯ ಬಿಸಿನೀರು ಹೊಯ್ದು, ಸೊಂಟಕ್ಕೆ ಹಳೆಯ ಸೀರೆ ಬಿಗಿದು ಬಾಣಂತಿಯನ್ನು ಮಲಗಿಸುತ್ತಾರೆ. ಊಟಕ್ಕೆ ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಉತ್ತರ ಕರ್ನಾಟಕದಲ್ಲಿ ಅಂಟಿನ ಉಂಡೆ. ಈ ವಿಶ್ರಾಂತಿಗೆ ಬೆಲೆ ಕಟ್ಟಲಾಗದು. ಆದರೆ ಕುಡಿಯುವ ನೀರಿಗೆ ಕಡಿವಾಣ ಹಾಕುವುದು, ಕೋಣೆಯಲ್ಲಿ ಕೆಂಡದ ಹೊಗೆ ತುಂಬುವುದು ತಪ್ಪು: ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು, ಕೂಸಿನ ಎಳೆಯ ಶ್ವಾಸಕೋಶಕ್ಕೆ ಹೊಗೆ ಕೆಡುಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದೊಳಗೆ 6 ಬಾರಿ ಭೇಟಿ ಕೊಡಬೇಕೆಂಬ ನಿಯಮವಿದೆ. ಬಾಣಂತಿಯ ಅಳು, ಮಂಕು 2 ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಜ್ವರ, ಅತಿ ರಕ್ತಸ್ರಾವ ಕಂಡರೆ ಒಂದು ದಿನವೂ ಕಾಯಬೇಡಿ.