ಜಿನೀವಾ ಮುಟ್ಟಿದ ಜಾಲ, ವಾಳಪೈ ಮುಟ್ಟುವುದೆಂದು?

ನಮ್ಮಲ್ಲಿ ಇಂಟರ್‌ನೆಟ್ಟಿನ ಇತಿಹಾಸವೆಂದರೆ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನರಿಗೆ ಸಂಪರ್ಕ ಕೊಟ್ಟಲ್ಲಿಂದ ಶುರು ಮಾಡುವುದು ವಾಡಿಕೆ. ಆದರೆ ಸಂಶೋಧಕರ ಜಾಲ ಅದಕ್ಕಿಂತ ಹಳೆಯದು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಪಡೆದು ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಐಐಎಸ್‌ಸಿ, ಐದು ಐಐಟಿಗಳು, ಮುಂಬೈನ ತಂತ್ರಾಂಶ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಅದರ ಮೊದಲ ಕೊಂಡಿಗಳು. ಫೋನ್ ಲೈನಿನಲ್ಲಿ ಡಯಲ್ ಮಾಡಿ ಇ-ಮೇಲ್ ಕಳಿಸುತ್ತಿದ್ದ ಕಾಲ ಅದು. ಆಮೇಲೆ ಬಂದ ಬಾಡಿಗೆ ಲೈನುಗಳ ವೇಗ ಸೆಕೆಂಡಿಗೆ 9.6 ಕಿಲೋಬಿಟ್.

ಏಷ್ಯಾದ ದೇಶಗಳ ತೊಡಕು ವೇಗವೊಂದೇ ಆಗಿರಲಿಲ್ಲ. ನೆರೆಯ ದೇಶದ ವಿಶ್ವವಿದ್ಯಾಲಯಕ್ಕೆ ಕಳಿಸಿದ ಮಾಹಿತಿಯೂ ಎಷ್ಟೋ ಸಲ ಅಮೆರಿಕ ಸುತ್ತಿ ಬರಬೇಕಿತ್ತು. 1997ರಲ್ಲಿ ಹುಟ್ಟಿದ ಅಪಾನ್ ಕೂಟ ಏಷ್ಯಾ-ಪೆಸಿಫಿಕ್ ಭಾಗದ ಜಾಲಗಳನ್ನು ಒಂದೆಡೆ ಸೇರಿಸಿತು. 2000ದಲ್ಲಿ ಸೋಲ್‌ನಲ್ಲಿ ನಡೆದ ಏಷ್ಯಾ-ಯುರೋಪ್ ಶೃಂಗಸಭೆಯಲ್ಲಿ ಎರಡೂ ಖಂಡಗಳ ಸಂಶೋಧನಾ ಜಾಲಗಳನ್ನು ಬೆಸೆಯುವ ಟೀನ್ ಯೋಜನೆ ರೂಪುಗೊಂಡಿತು. ಮರುವರ್ಷ ಕೊರಿಯಾ-ಫ್ರಾನ್ಸ್ ನಡುವೆ ಅದರ ಮೊದಲ ಕೊಂಡಿ ಬಿತ್ತು. ಅದರ ಸಾಮರ್ಥ್ಯ ಬರೀ 2 ಮೆಗಾಬಿಟ್. ಎರಡನೆಯ ಹಂತದಲ್ಲಿ ಆಗ್ನೇಯ ಏಷ್ಯಾ, ಮೂರನೆಯ ಹಂತದಲ್ಲಿ ಭಾರತವೂ ಸೇರಿ ದಕ್ಷಿಣ ಏಷ್ಯಾ ಒಳಗೆ ಬಂದವು.

ಸಂಶೋಧಕರಿಗೆಂದೇ ಬೇರೆ ಜಾಲದ ಖರ್ಚು ಯಾಕೆ ಎಂದು ಕೇಳುವವರಿಗೆ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಆಸ್ಪತ್ರೆಯನ್ನು ತೋರಿಸಬೇಕು. ಅಲ್ಲಿಯ ವೈದ್ಯರು 2003ರ ಹೊತ್ತಿಗೆ ಶಸ್ತ್ರಚಿಕಿತ್ಸೆಯ ನೇರ ದೃಶ್ಯಗಳನ್ನು ಕೊರಿಯಾದ ವೈದ್ಯರ ಜೊತೆ ಹಂಚಿಕೊಳ್ಳತೊಡಗಿದರು. ಬಳಸಿದ್ದು ಡಿಜಿಟಲ್ ವಿಡಿಯೊವನ್ನು ಮತ್ತಷ್ಟು ಕುಗ್ಗಿಸದೆ ಹಾಗೇ ಕಳಿಸುವ ತಂತ್ರಾಂಶ. ಒಂದು ದೃಶ್ಯವಾಹಿನಿಗೇ ಸುಮಾರು 30 ಮೆಗಾಬಿಟ್ ಬೇಕು, ಅದೂ ಒಂದೇ ಹದದಲ್ಲಿ. ಸಣ್ಣ ರಕ್ತನಾಳದ ಪಕ್ಕ ಕತ್ತರಿ ಆಡುವಾಗ ಚಿತ್ರ ಅರೆಕ್ಷಣ ನಿಂತರೂ ನೋಡಿ ಕಲಿಯುವವನಿಗೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಜನರೆಲ್ಲ ಹಂಚಿಕೊಳ್ಳುವ ಸಾಮಾನ್ಯ ಇಂಟರ್‌ನೆಟ್ ಅಂದು ಆ ಭರವಸೆ ಕೊಡುವಂತಿರಲಿಲ್ಲ.

ಇಂಥ ವೇಗದ ಜಾಲದ ಹಾದಿಯಲ್ಲಿ ಭಾರತ ತಡವಾಗಿ ಹೊರಟರೂ ದೊಡ್ಡ ಹೆಜ್ಜೆಯನ್ನೇ ಇಟ್ಟಿತು. ಕೇಂದ್ರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬೆಂಗಳೂರಿನಿಂದ ನಡೆಸಿದ ಗರುಡ ಯೋಜನೆ 17 ನಗರಗಳ 45 ಸಂಸ್ಥೆಗಳ ಗಣಕಗಳನ್ನು ಕೂಡಿಸಿತು. 2006ರಲ್ಲಿ ಅರ್ನೆಟ್ 45 ಮೆಗಾಬಿಟ್ಟಿನ ಕೊಂಡಿಯಲ್ಲಿ ಯುರೋಪಿನ ಸಂಶೋಧನಾ ಜಾಲ ಜೆಯಾಂಟನ್ನು ಸೇರಿತು. 2010ರಲ್ಲಿ ಕೇಂದ್ರ ಸಂಪುಟ 5,990 ಕೋಟಿ ರೂಪಾಯಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಕೈ ಈಗ ಜಿನೀವಾದ ಸರ್ನ್‌ವರೆಗೆ ಚಾಚಿದೆ. ಅಲ್ಲಿಯ ಕಣಭೌತ ಪ್ರಯೋಗಗಳ ದತ್ತಾಂಶವನ್ನು ಮುಂಬೈ, ಕೋಲ್ಕತ್ತಗಳಲ್ಲಿ ಕೂತು ವಿಶ್ಲೇಷಿಸುತ್ತಾರೆ.

ಈ ಸಾಧನೆಯ ಬಗ್ಗೆ ನನಗೆ ಹೆಮ್ಮೆಯಿದೆ. ನನ್ನ ತಕರಾರು ಜಾಲದ ಒಳಗಿನ ಮೇಲು-ಕೆಳಗಿನದು. ಕಾಲೇಜುಗಳಿಗೆ ಜಾಲ ತಲುಪಿಸಲು ಹೊರಟ ಕೇಂದ್ರ ಶಿಕ್ಷಣ ಇಲಾಖೆಯ ಐಸಿಟಿ ಮಿಷನ್ ವಿಶ್ವವಿದ್ಯಾಲಯಕ್ಕೆ 1 ಗಿಗಾಬಿಟ್ ಕೊಡುವಾಗ ಕಾಲೇಜುಗಳ ಪಾಲಿಗೆ ಮೊದಲು ಬಂದದ್ದು 512 ಕಿಲೋಬಿಟ್ಟಿನ ಬ್ರಾಡ್‌ಬ್ಯಾಂಡ್ ಸಂಪರ್ಕಗಳು. ದೊಡ್ಡ ಸಂಸ್ಥೆ ಇದ್ದಲ್ಲಿಗೆ ದೊಡ್ಡ ಕೊಂಡಿ ಎಂಬ ಲೆಕ್ಕ ಇದು.

ಗೋವಾದ ಸತ್ತರಿ ತಾಲ್ಲೂಕಿನ ವಾಳಪೈ ಈ ಲೆಕ್ಕದಲ್ಲಿ ಹೊರಗುಳಿಯುವಂಥ ಊರು. ಹತ್ತಿರದ ಶೆಳ್-ಮೆಳಾವಳಿಯಲ್ಲಿ ಐಐಟಿ ಕಟ್ಟುವ ಪ್ರಸ್ತಾವವಿತ್ತು. ಕಾಡು, ಗೇರುತೋಟ, ಹೊಲಗಳ ಮೇಲೆ ಬದುಕುವ ಜನ ವಿರೋಧಿಸಿದರು. 2021ರ ಜನವರಿಯಲ್ಲಿ ಸರ್ಕಾರ ಆ ಜಾಗ ಕೈಬಿಟ್ಟಿತು. ಜನರ ನಿರ್ಧಾರ ನ್ಯಾಯವಾದದ್ದು ಎಂದೇ ನನ್ನ ಎಣಿಕೆ. ನೆಲ ಬಿಟ್ಟುಕೊಡಲಿಲ್ಲ ಎಂಬ ಕಾರಣಕ್ಕೆ ಅವರ ಮಕ್ಕಳಿಗೆ ಒಳ್ಳೆಯ ಸಂಪರ್ಕ ದೂರವಾಗಬಾರದು. ಕೋವಿಡ್ ಕಾಲದಲ್ಲಿ ಸಾಂಗೇ ತಾಲ್ಲೂಕಿನ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಗೋವಾ ಕಂಡಿದೆ.

ವಿಜ್ಞಾನಕ್ಕೂ ಇಲ್ಲಿ ಕೆಲಸ ಬೇಕಾದಷ್ಟಿದೆ. ಗೋವಾದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ವಾಳಪೈ ಒಂದು. ಪಕ್ಕದಲ್ಲಿ ಮಹದಾಯಿ ಅಭಯಾರಣ್ಯ. ಚೋರ್ಲಾ ಘಾಟಿ ಹತ್ತಿದರೆ ಮಹದಾಯಿ ನದಿ ಹುಟ್ಟುವ, ಕರ್ನಾಟಕದ ಖಾನಾಪುರ ತಾಲ್ಲೂಕು. ಗೋವಾ, ಕರ್ನಾಟಕ, ಮಹಾರಾಷ್ಟ್ರಗಳು ನ್ಯಾಯಮಂಡಳಿಯಲ್ಲಿ ವಾದಿಸಿದ ಈ ನದಿಯ ನೀರಿನ ಅಂಕಿಅಂಶವನ್ನು ಸಾಖಳಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳೂ ಬೆಳಗಾವಿಯ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ನೋಡುವಂತಾಗಲು ಹೊಸ ಸಮುದ್ರ ಕೇಬಲ್ ಬೇಕಿಲ್ಲ. ರಾಷ್ಟ್ರೀಯ ಜಾಲದ ಒಂದು ಗಿಗಾಬಿಟ್ ಕವಲನ್ನು ಈ ಕಾಲೇಜುಗಳ ಬಾಗಿಲಿಗೆ ಎಳೆದು, ಅದನ್ನು ನೋಡಿಕೊಳ್ಳುವ ಒಬ್ಬ ತಂತ್ರಜ್ಞನಿಗೆ ಸಂಬಳ ಕೊಟ್ಟರೆ ಸಾಕು.